ಸಂಗೀತೋತ್ಸವದ ಸಾಕ್ಷ್ಯಚಿತ್ರ ಮತ್ತು ಪ್ರಾತಿನಿಧ್ಯದ ಪ್ರಶ್ನೆ

ದಿಲ್‌ಸುಖ್‌ನಗರದ ಕನ್ನಡ ಕುಟುಂಬಗಳ ಕೆಲವು ವಿದ್ಯಾರ್ಥಿಗಳೊಡನೆ ನಾವು ಈಚೆಗೆ ‘ಸಮ್ಮರ್ ಆಫ್ ಸೋಲ್’ (2021) ಎಂಬ ಸಾಕ್ಷ್ಯಚಿತ್ರವನ್ನು ನೋಡಿದೆವು. ಚಿತ್ರ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು, “ಇಷ್ಟು ದೊಡ್ಡ ಉತ್ಸವ ಐವತ್ತು ವರ್ಷ ಯಾರಿಗೂ ಏಕೆ ಕಾಣಲಿಲ್ಲ?” ಎಂದು ಕೇಳಿದಳು. ಆ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ರಾಕ್ ಅಂಡ್ ರೋಲ್ ಸಂಗೀತವು ಅಮೆರಿಕದ ಕಪ್ಪುಜನರ ಬ್ಲೂಸ್ ಮತ್ತು ಗಾಸ್ಪೆಲ್ ಗಾಯನಗಳೊಡನೆ ಬಿಳಿಯರ ಗ್ರಾಮೀಣ ಹಾಡುಗಳು ಬೆರೆತು ರೂಪುಗೊಂಡಿತು. ‘ಹೌಂಡ್ ಡಾಗ್’ ಗೀತೆಯನ್ನು 1952ರಲ್ಲಿ ಮೊದಲು ಧ್ವನಿಮುದ್ರಿಸಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. ಆದರೆ ಲೋಕದ ನೆನಪಿನಲ್ಲಿ ಅದು 1956ರ ಎಲ್ವಿಸ್ ಪ್ರೀಸ್ಲಿಯವರ ಹಾಡಾಗಿ ಉಳಿದಿದೆ. ಸಾಕ್ಷ್ಯಚಿತ್ರಗಳ ವಿಷಯದಲ್ಲಿಯೂ ಇಂಥದೇ ಸ್ಥಿತಿಯನ್ನು ಕಾಣುತ್ತೇವೆ. 1969ರ ಬೇಸಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆದ ಉತ್ಸವಕ್ಕೆ ಸುಮಾರು ಮೂರು ಲಕ್ಷ ಜನ ಬಂದಿದ್ದರು. ಹಾಲ್ ಟಲ್ಚಿನ್ ಅವರು ಅದನ್ನು ಸುಮಾರು ನಲವತ್ತು ಗಂಟೆಗಳಷ್ಟು ಚಿತ್ರೀಕರಿಸಿದರು. ಅದೇ ಬೇಸಗೆಯ ವುಡ್‌ಸ್ಟಾಕ್ ಉತ್ಸವದ ಚಿತ್ರ 1970ರಲ್ಲಿಯೇ ತೆರೆಕಂಡು ಆಸ್ಕರ್ ಪಡೆಯಿತು. ಹಾರ್ಲೆಮ್‌ನ ಚಿತ್ರಸುರುಳಿಗಳ ಬಹುಭಾಗ ಮಾತ್ರ ಕೊಳ್ಳುವವರಿಲ್ಲದೆ ನೆಲಮಾಳಿಗೆಯಲ್ಲಿ ಉಳಿಯಿತು.

ಹಾಗೆಂದು ವುಡ್‌ಸ್ಟಾಕ್ ಚಿತ್ರದಲ್ಲಿ ವೈವಿಧ್ಯವೇ ಇರಲಿಲ್ಲವೆನ್ನುವಂತಿಲ್ಲ. ಜಿಮಿ ಹೆಂಡ್ರಿಕ್ಸ್, ಸಂಟಾನಾ, ಎರಡೂ ವರ್ಣಗಳ ಸ್ತ್ರೀಪುರುಷರಿದ್ದ ಸ್ಲೈ ಸ್ಟೋನ್ ಅವರ ತಂಡ ಅಲ್ಲಿವೆ. ಆದರೆ ಮೊದಲ ದಿನವೇ ಸಿತಾರ್ ನುಡಿಸಿದ ಪಂಡಿತ್ ರವಿಶಂಕರ್ ಅವರ ಕಛೇರಿ 1970ರ ಚಿತ್ರದಲ್ಲಿಲ್ಲ. ಅದಕ್ಕೆ ಹಿಂದಿನ ‘ಮಾಂಟೆರೆ ಪಾಪ್’ (1968) ಚಿತ್ರವಾದರೋ ಅವರ ದೀರ್ಘ ವಾದನದಿಂದಲೇ ಮುಕ್ತಾಯವಾಗುತ್ತದೆ. ವೇದಿಕೆಯ ಮೇಲಿನ ವೈವಿಧ್ಯ ಬೇರೆ, ತೆರೆಯ ಮೇಲಿನ ಪ್ರಾತಿನಿಧ್ಯ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇವೆರಡರ ನಡುವೆ ಸಂಕಲನಕಾರನ ಕತ್ತರಿಯಿದೆ.

ಕನ್ನಡ ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ಇದು ಅಪರಿಚಿತ ಸಂಗತಿಯಲ್ಲ. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯನ್ನು ನಾವು ಇಂದು ಕಾಣುವುದು ಬಹುಮಟ್ಟಿಗೆ ಹದಿನೈದನೆಯ ಶತಮಾನದಲ್ಲಿ ಆರಂಭವಾದ ‘ಶೂನ್ಯಸಂಪಾದನೆ’ಗಳ ಮೂಲಕ. ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯನ್ನು ಅನಂತರದ ಮೂವರು ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯ ವಿಚಾರದಲ್ಲಿ ಈ ಪರಿಷ್ಕರಣಗಳು ಒಂದೇ ನಿಲುವಿನವಲ್ಲ. ಆಯ್ದಕ್ಕಿ ಲಕ್ಕಮ್ಮ ಅಲ್ಲಿ ಗಂಡನನ್ನು ತಿದ್ದುವ ದಿಟ್ಟ ದನಿಯಾಗಿ ನಿಲ್ಲುತ್ತಾಳೆ. ಸಂಕಲನಕಾರರು ಅವಳಿಗೆ ಎಡೆಯಿತ್ತುದರಿಂದಲೇ ನಾವು ಆ ಸಂವಾದವನ್ನು ಕೇಳಬಲ್ಲೆವು. ಎಡೆ ದೊರೆಯದವರು ಎಷ್ಟು ಮಂದಿಯೋ!

ಇಲ್ಲಿ ನಮ್ಮ ತಪ್ಪೊಂದನ್ನೂ ಹೇಳಬೇಕು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ರಾಯಚೂರು ಕಡೆಯ ಕೆಲವು ಮನೆತನಗಳವರು ದಿಲ್‌ಸುಖ್‌ನಗರದಲ್ಲಿ ನಡೆಸಿದ ತತ್ತ್ವಪದಗಳ ಭಜನೆಯನ್ನು ಬಹಳ ಹಿಂದೆ ನಾವು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದೆವು. ಮೈಕನ್ನು ಇಟ್ಟುದು ಮುಖ್ಯ ಗಾಯಕರ ಮುಂದೆ. ಚೀಟಿಯ ಮೇಲೆ ಬರೆದುದೂ ಅವರ ಹೆಸರನ್ನೇ. ಗೋಡೆಯ ಬದಿ ಕುಳಿತು ಪ್ರತಿ ಪಲ್ಲವಿಯನ್ನೂ ಎತ್ತಿಕೊಡುತ್ತಿದ್ದ ನಾಲ್ವರು ಹೆಂಗಸರ ದನಿ ಈಗ ಕ್ಷೀಣವಾಗಿ ಕೇಳುತ್ತದೆ. ಅವರ ಹೆಸರು ಹೇಳಬಲ್ಲವರು ಆ ಮನೆಯಲ್ಲಿ ಇಂದು ಯಾರೂ ಉಳಿದಿಲ್ಲ.

ಆದುದರಿಂದ ವಿದ್ಯಾರ್ಥಿನಿಗೆ ನಾವಿತ್ತ ಉತ್ತರವಿಷ್ಟು: ಹಾರ್ಲೆಮ್‌ನ ಉತ್ಸವ ಕಾಣದೆ ಹೋಗಲಿಲ್ಲ, ಮೂರು ಲಕ್ಷ ಜನ ಅದನ್ನು ಕಂಡಿದ್ದರು, ಉಳಿದವರಿಗೆ ತೋರಿಸಲು ಯಾರೂ ಮುಂದೆ ಬರಲಿಲ್ಲ. ಅಲ್ಲಿ ಚಿತ್ರಸುರುಳಿಯಾದರೂ ಉಳಿದಿದ್ದುದರಿಂದ ಆ ಲೋಪವನ್ನು ತಿದ್ದಲು ಸಾಧ್ಯವಾಯಿತು. ನಮ್ಮ ಕ್ಯಾಸೆಟ್ಟಿಗೆ ಆ ಅವಕಾಶವಿಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವ ನಮ್ಮ ಸಂಶೋಧಕರು ಇನ್ನು ಮುಂದೆ ಮೊದಲು ಪಲ್ಲವಿ ಹಿಡಿಯುವವರ ಹೆಸರನ್ನು ಬರೆದುಕೊಳ್ಳಲಿ.