ಜೀವವಿಜ್ಞಾನಗಳಲ್ಲಿ ಡಾಕ್ಟರೇಟ್ ಪದವಿಗೆ ಬೇಕಾದ ಸಿದ್ಧತೆ

ಸಂಶೋಧನೆಯ ಅಭಿಲಾಷೆಯುಳ್ಳ ವಿದ್ಯಾರ್ಥಿಗಳು ಅಧ್ಯಾಪಕರನ್ನು ಮೊದಲು ಕೇಳುವ ಪ್ರಶ್ನೆ, ಪಿಎಚ್.ಡಿ. ಪದವಿಗೆ ಎಷ್ಟು ವರ್ಷ ಬೇಕೆಂಬುದು. ಇದಕ್ಕೆ ನಿಯಮಾವಳಿಯು ಒಂದು ಉತ್ತರವನ್ನು ಕೊಡುತ್ತದೆ. ಅಧ್ಯಯನಕ್ಕೆ ಆರಿಸಿಕೊಂಡ ಜೀವಿಯು ಇನ್ನೊಂದನ್ನು ಕೊಡುತ್ತದೆ. ಇವೆರಡನ್ನೂ ಹೊಂದಿಸಿಕೊಳ್ಳದೆ ಕಾರ್ಯಾರಂಭ ಮಾಡಿದವರು ನಡುದಾರಿಯಲ್ಲಿ ತೊಂದರೆಗೆ ಸಿಲುಕುವುದುಂಟು.

ನಮ್ಮ ದೇಶದಲ್ಲಿ ಈ ಪದವಿಯ ಕನಿಷ್ಠ ಮಟ್ಟವನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನಿಯಮಾವಳಿಯಲ್ಲಿ ಗೊತ್ತುಪಡಿಸಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55, ಅಥವಾ ನಾಲ್ಕು ವರ್ಷದ ಸ್ನಾತಕ ಪದವಿಯಲ್ಲಿ ಶೇಕಡ 75 ಅಂಕಗಳನ್ನು ಪಡೆದವರು ಪ್ರವೇಶಕ್ಕೆ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ ಮೊದಲಾದವರಿಗೆ ಶೇಕಡ 5ರ ರಿಯಾಯಿತಿ ಉಂಟು. ಪ್ರವೇಶ ದೊರೆತ ಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಪಾಠಕ್ರಮವನ್ನು ಪೂರೈಸತಕ್ಕದ್ದು. ಸಂಶೋಧನೆ ಹಾಗೂ ಪ್ರಕಟಣೆಯ ನೀತಿಯೂ ಅದರಲ್ಲಿ ಸೇರಿದೆ. ಪ್ರತಿ ಸೆಮಿಸ್ಟರಿನಲ್ಲಿಯೂ ಸಲಹಾ ಸಮಿತಿಯ ಮುಂದೆ ಕಾರ್ಯದ ಪ್ರಗತಿಯನ್ನು ನಿವೇದಿಸತಕ್ಕದ್ದು. ಕಾಲಾವಧಿಯು ಪಾಠಕ್ರಮವೂ ಸೇರಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳು. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೂ ಶೇಕಡ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಮತ್ತೆರಡು ವರ್ಷಗಳ ಅವಕಾಶವಿದೆ.

ಇನ್ನು ಜೀವಿಯ ಲೆಕ್ಕ. ಪ್ರಯೋಗಾಲಯಗಳಲ್ಲಿ ಸಾಕುವ ಹಣ್ಣುನೊಣ ಡ್ರೊಸೊಫಿಲ ಮೆಲನೊಗ್ಯಾಸ್ಟರ್ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಸುಮಾರು ಹತ್ತು ದಿನಗಳಲ್ಲಿ ಬರುತ್ತದೆ. ಪ್ರಯೋಗವೊಂದು ಕೆಟ್ಟರೆ ಮುಂದಿನ ತಿಂಗಳೇ ಅದನ್ನು ಮತ್ತೆ ನಡೆಸಬಹುದು. ಪಶ್ಚಿಮ ಘಟ್ಟದ ಕಪ್ಪೆಗಳ ಸಂತಾನೋತ್ಪತ್ತಿಯನ್ನು ಅಭ್ಯಸಿಸುವವರಿಗೆ ಈ ಅನುಕೂಲವಿಲ್ಲ. ಅವುಗಳಲ್ಲಿ ಅನೇಕವು ಮೊಟ್ಟೆಯಿಡುವುದು ಮುಂಗಾರಿನ ತಿಂಗಳುಗಳಲ್ಲಿ. ಆದುದರಿಂದ ಮೂರು ವರ್ಷಗಳೆಂದರೆ ಮೂರು ಮಳೆಗಾಲಗಳು ಮಾತ್ರ. ಮೊದಲನೆಯದು ಪಾಠಕ್ರಮದಲ್ಲಿಯೇ ಕಳೆದುಹೋಗಬಹುದು. ಸಂರಕ್ಷಿತ ಅರಣ್ಯದಲ್ಲಿ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿಯೂ, ಕಪ್ಪೆಗಳ ಮೇಲೆ ಪ್ರಯೋಗ ನಡೆಸುವುದಾದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯೂ ಬೇಕು. ಅನುಮತಿಪತ್ರವು ಜೂನ್ ತಿಂಗಳಿಗೆ ಬದಲಾಗಿ ಅಕ್ಟೋಬರಿನಲ್ಲಿ ಕೈಸೇರಿದರೆ ನಷ್ಟವಾಗುವುದು ನಾಲ್ಕು ತಿಂಗಳಲ್ಲ, ಒಂದು ವರ್ಷ. ನೆಟ್ ಪರೀಕ್ಷೆಯ ಮೂಲಕ ದೊರೆಯುವ ಸಂಶೋಧನ ವೇತನವಾದರೋ ಒಟ್ಟು ಐದು ವರ್ಷಗಳಿಗೆ ಮೀರದು. ಬಡ ಮನೆಯಿಂದ ಬಂದ ವಿದ್ಯಾರ್ಥಿಗೆ ಆರನೆಯ ವರ್ಷವು ನಿಯಮದಲ್ಲಿದ್ದರೂ ಕೈಗೆಟುಕುವುದಿಲ್ಲ.

ಆದುದರಿಂದ ಸಂಶೋಧನೆಯ ಯೋಜನೆಯನ್ನು ಬರೆಯುವ ಮೊದಲು ಮಾರ್ಗದರ್ಶಕರೊಡನೆ ಕುಳಿತು ಆ ಜೀವಿಯ ಪಂಚಾಂಗವನ್ನು ಗುರುತು ಹಾಕಿಕೊಳ್ಳುವುದು ಲೇಸು. ಅನುಮತಿಯ ಅರ್ಜಿಗಳನ್ನು ಪಾಠಕ್ರಮದ ಅವಧಿಯಲ್ಲಿಯೇ ಸಲ್ಲಿಸಬೇಕು. ಒಂದು ಮಳೆಗಾಲವು ವ್ಯರ್ಥವಾದರೂ ಉತ್ತರಿಸಬಹುದಾದ ಪ್ರಶ್ನೆಯೊಂದನ್ನು, ಉದಾಹರಣೆಗೆ ವಸ್ತುಸಂಗ್ರಹಾಲಯದ ಮಾದರಿಗಳಿಂದಲೇ ಸಾಧಿಸಬಹುದಾದುದನ್ನು, ಯೋಜನೆಯಲ್ಲಿ ಸೇರಿಸಿಕೊಂಡಿರಬೇಕು. ವಿಫಲವಾದ ಪ್ರಯೋಗವನ್ನೂ ದಿನಾಂಕಸಹಿತ ಬರೆದಿಡಬೇಕು. ಮರುವರ್ಷದ ಕಾರ್ಯಕ್ಕೆ ಅದೇ ದಾರಿ ತೋರುತ್ತದೆ.

ಪ್ರಕಟಿತ ಲೇಖನಗಳ ಸಂಖ್ಯೆಯೇ ಪದವಿಯ ಅಳತೆಯೆಂಬ ಭ್ರಮೆ ಹಲವರಲ್ಲಿದೆ. 2016ರ ನಿಯಮಾವಳಿಯು ಕನಿಷ್ಠ ಒಂದು ಲೇಖನವನ್ನು ಕಡ್ಡಾಯಗೊಳಿಸಿತ್ತು. 2022ರದು ಆ ನಿರ್ಬಂಧವನ್ನು ತೆಗೆದುಹಾಕಿತು. ಆಯಾ ವಿಶ್ವವಿದ್ಯಾನಿಲಯದ ನಿಯಮವನ್ನು ಮಾತ್ರ ಬೇರೆಯಾಗಿ ವಿಚಾರಿಸಿಕೊಳ್ಳತಕ್ಕದ್ದು. ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪರಿಶೀಲಿಸುತ್ತಾರೆ. ಬಳಿಕ ಮೌಖಿಕ ಪರೀಕ್ಷೆ ನಡೆಯುತ್ತದೆ. ಇಷ್ಟೇ ಮಾದರಿಗಳು ಏಕೆ, ಈ ನಿರ್ಣಯಕ್ಕೆ ಬೇರೆ ಕಾರಣ ಇರಲಾರದೇ ಎಂದು ಪರೀಕ್ಷಕರು ಕೇಳಿದಾಗ ಉತ್ತರ ಕೊಡುವವರು ಕೆರೆಯ ದಂಡೆಯಲ್ಲಿ ರಾತ್ರಿಯೆಲ್ಲ ಕಾದು ಬರೆದುಕೊಂಡವರೇ. ಆ ಉತ್ತರವನ್ನು ಮತ್ತೊಬ್ಬರು ಬರೆದುಕೊಡಲಾರರು. ಪದವಿಯು ಪ್ರಮಾಣೀಕರಿಸುವುದು ಈ ಸ್ವತಂತ್ರ ಸಾಮರ್ಥ್ಯವನ್ನೇ. ಉಳಿದ ನಿಯಮಗಳೆಲ್ಲ ಅದಕ್ಕೆ ಕಟ್ಟಿದ ಬೇಲಿ.