ಗದ್ದದ ಮ್ಯಾಲಿನ ಕೂದಲು: ತಪ್ಪು ನಿಮ್ಮದಲ್ಲ, ಲೆಕ್ಕ ಹಾರ್ಮೋನಿಂದು

ಇವತ್ತಿನ ಎಪಿಸೋಡ್ ಇಯರ್‌ಫೋನ್ ಹಾಕ್ಕೊಂಡೇ ಕೇಳ್ರಿ, ಪರವಾಗಿಲ್ಲ. ಆಮೇಲೆ ಅಕ್ಕ-ತಂಗಿಗೆ ಕಳಿಸ್ರಿ.

ನಾನು ಬಿ.ಕಾಂ ಓದಿದಾಕಿ, ಡಾಕ್ಟರ್ ಅಲ್ಲ. ಆದ್ರೆ ಹತ್ತೊಂಬತ್ತರಿಂದ ನನ್ನ ಗದ್ದದ ಮ್ಯಾಲ ಕಪ್ಪು, ಒರಟು ಕೂದಲು ಬರ್ತಾವ. ಯಾದಗಿರಿಯಿಂದ ಶಹಾಪುರದ ಬಸ್ಸಿನಾಗ ಕಿಟಕಿ ಬೆಳಕು ಮುಖಕ್ಕೆ ಬಿದ್ರೆ ದುಪಟ್ಟಾ ಎಳ್ಕೊಳ್ಳೋದು ರೂಢಿ ಆಗಿತ್ತು. ಸುರಪುರದಿಂದ ಹೆಣ್ಣು ನೋಡಾಕ ಬಂದವರು ಅವ್ವನ ಕಿವಿಯಾಗ ಕೇಳಿದ್ರು, "ಹುಡುಗಿಗೆ ಏನರ ತೊಂದ್ರಿ ಐತೇನ್ರಿ?" 2024ರಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಹುಡುಗಿಯನ್ನೂ ಜನ ಬಿಡಲಿಲ್ಲ. ಅಂಕ ಬಿಟ್ಟು ಮುಖದ ಕೂದಲು ನೋಡಿ ಟ್ರೋಲ್ ಮಾಡಿದ್ರು.

ಮೇಲ್ತುಟಿ, ಗದ್ದ, ಎದೆ, ಕೆಳಹೊಟ್ಟೆ, ಬೆನ್ನು, ಇಲ್ಲೆಲ್ಲ ಗಂಡಸರ ಹಾಗೆ ದಪ್ಪ ಕೂದಲು ಬಂದ್ರೆ ಅದಕ್ಕೆ ಹರ್ಸುಟಿಸಂ ಅಂತಾರ. ಟೆಸ್ಟೋಸ್ಟಿರಾನ್ ಹೆಣ್ಣುಮಕ್ಕಳ ಮೈಯಲ್ಲೂ ಸ್ವಲ್ಪ ಇರ್ತದ. ಅಂಡಾಶಯ ಮತ್ತು ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಅದನ್ನು ತಯಾರಿಸ್ತಾವ. ಮುಖ್ಯ ಕಾರಣ ಮೂರು.

ಒಂದು, ಪಿಸಿಓಎಸ್. ಹೆಚ್ಚಿನವರಿಗೆ ಇದೇ. ಇದರಲ್ಲಿ ಇನ್ಸುಲಿನ್ ಜಾಸ್ತಿ ಆದ್ರೆ ಅಂಡಾಶಯ ಗಂಡು ಹಾರ್ಮೋನು ಹೆಚ್ಚು ಮಾಡ್ತದ. ಮುಟ್ಟು ತಪ್ಪೋದು, ತೂಕ, ಮೊಡವೆ ಜೊತೆಗೆ ಬರಬಹುದು.

ಎರಡು, ಕಿಣ್ವದ ಕೊರತೆ. ನಮ್ಮ ಕಾಲುವೆ ನೆನಪಿಸ್ಕೊಳ್ರಿ. ಒಂದು ಗೇಟು ಸರಿಯಾಗಿ ತೆರೀಲಿಲ್ಲ ಅಂದ್ರೆ ನೀರು ಪಕ್ಕದ ಹೊಲಕ್ಕೆ ನುಗ್ತದ. ಅಡ್ರಿನಲ್‌ನಾಗ 21-ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವ ಆ ಗೇಟು. ಅದು ಕಡಿಮೆ ಇದ್ರೆ ಕಾರ್ಟಿಸಾಲ್ ಆಗಬೇಕಾದ ಸರಕು ಗಂಡು ಹಾರ್ಮೋನಿನ ಕಡೆ ಹರೀತದ. ತಾಯಿ-ತಂದೆ ಇಬ್ಬರಿಂದಲೂ ದೋಷದ ಜೀನ್ ಬಂದ್ರೆ ಮಾತ್ರ ಇದು ಆಗ್ತದ. ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆ ಆಗೋ ನಮ್ಮ ಕಡೆ ಇದನ್ನು ತಿಳ್ಕೊಂಡಿರಬೇಕು.

ಮೂರು, ನನ್ನದು. ಮುಟ್ಟು ಸರಿ, ರಿಪೋರ್ಟ್ ನಾರ್ಮಲ್. ಭತ್ತ ಅಷ್ಟೇ ಐತಿ, ಮಿಲ್ಲು ಜೋರು. ಚರ್ಮದಾಗಿನ 5-ಆಲ್ಫಾ ರಿಡಕ್ಟೇಸ್ ಕಿಣ್ವ ಟೆಸ್ಟೋಸ್ಟಿರಾನನ್ನು ಇನ್ನೂ ಖಾರವಾದ ಡಿಎಚ್‌ಟಿ ಮಾಡ್ತದ. ಕೂದಲ ಬೇರು ಅದಕ್ಕೆ ಕುಣೀತದ.

ರಕ್ತದಾಗ ಟೆಸ್ಟೋಸ್ಟಿರಾನ್, ಬೆಳಿಗ್ಗೆ 17-ಹೈಡ್ರಾಕ್ಸಿಪ್ರೊಜೆಸ್ಟರಾನ್, ಥೈರಾಯ್ಡ್, ಬೇಕಾದ್ರೆ ಸ್ಕ್ಯಾನಿಂಗ್: ಡಾಕ್ಟರ್ ಇವನ್ನು ಕೇಳ್ತಾರ. ತಾಲೂಕು ಆಸ್ಪತ್ರೆಯಿಂದ ಶುರು ಮಾಡ್ರಿ. ನಾಚಿಕೆ ಆದ್ರೆ ಸರ್ಕಾರದ ಇ-ಸಂಜೀವನಿಯಲ್ಲಿ ಫೋನಿನಿಂದಲೇ ಪುಕ್ಕಟೆ ಕೇಳ್ರಿ. ಕೆಲವೇ ತಿಂಗಳಲ್ಲಿ ಕೂದಲು ಒಮ್ಮೆಲೆ ಹೆಚ್ಚಿ, ಧ್ವನಿ ದಪ್ಪ ಆದ್ರೆ ಮಾತ್ರ ತಡಾ ಮಾಡಬ್ಯಾಡ್ರಿ. ಗಡ್ಡೆ ಇರಬಹುದು.

ಮಾತ್ರೆಯ ಫಲ ಕಾಣಾಕ ಆರು ತಿಂಗಳಾದ್ರೂ ಬೇಕು. ಕೆಲವು ಮಾತ್ರೆ ಗರ್ಭಿಣಿಯರಿಗೆ ಆಗೋದಿಲ್ಲ, ಅದಕ್ಕೇ ಗೆಳತಿಯ ಚೀಟಿ ನೋಡಿ ತಗೋಬ್ಯಾಡ್ರಿ. ಶೇವ್ ಮಾಡಿದ್ರೆ ದಪ್ಪ ಬರ್ತದ ಅನ್ನೋದು ಸುಳ್ಳು.

ಅವ್ವನಿಗೆ ಈ ಮಿಲ್ಲಿನ ಲೆಕ್ಕ ಹೇಳಿದೆ. ಮುಂದಿನ ಸಲ ಬಂದವರು ಅದನ್ನೇ ಕೇಳಿದಾಗ ಅವ್ವನೇ ಹೇಳಿದ್ಲು, "ಕೂದಲು ಅದಾವ್ರಿ, ತೊಂದ್ರಿ ಇಲ್ರಿ." ಸಿಗೋಣ ಮುಂದಿನ ಎಪಿಸೋಡ್‌ನಾಗ.