ಡಿಸ್ಕಸ್ ಮರಿಗಳಿಗೆ ಅಪ್ಪ-ಅಮ್ಮನ ಮೈಯೇ ಊಟ

ವಾರವಿಡೀ ಕೋಡ್ ಬರೆಯೋ ನಾನು ಇವತ್ತು ಮೀನಿನ ಬಗ್ಗೆ ಮಾತಾಡ್ತೀನಿ. ಚೆನ್ನೈನ ನಮ್ಮ ಫ್ಲಾಟಿನ ಹಾಲ್‌ನಲ್ಲಿ ನಾಲ್ಕಡಿ ಉದ್ದದ, ಸುಮಾರು 250 ಲೀಟರ್ ಹಿಡಿಯೋ ಟ್ಯಾಂಕ್ ಇದೆ. ಅದರಲ್ಲಿ ಆರು ಡಿಸ್ಕಸ್. ಒಳ್ಳೇದು ಮಾಡೋಕೆ ಹೋಗಿ ನಾನು ಒಂದು ಸಲ ಇವುಗಳ ನೂರಕ್ಕೂ ಹೆಚ್ಚು ಮರಿಗಳನ್ನ ಸಾಯಿಸಿದ್ದೀನಿ. ಯಾಕೆ ಹಾಗಾಯ್ತು ಅನ್ನೋದೇ ಇವತ್ತಿನ ವಿಷಯ.

ಡಿಸ್ಕಸ್ ಅಮೆಜಾನ್ ನದಿ ಸೀಮೆಯ ಮೀನು. ತಟ್ಟೆ ಥರ ಚಪ್ಪಟೆ, ಗುಂಡಗೆ. ಹೆಕೆಲ್ ಎಂಬ ವಿಜ್ಞಾನಿ 1840ರಲ್ಲಿ ಇದಕ್ಕೆ ಸಿಂಫಿಸೋಡಾನ್ ಅಂತ ಹೆಸರಿಟ್ಟರು. ರಿಯೋ ನೀಗ್ರೋದಂಥ ನದಿಗಳಲ್ಲಿ ಕೊಳೆತ ಎಲೆಗಳಿಂದ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತೆ. ಬೆಚ್ಚಗೆ, ಸ್ವಲ್ಪ ಹುಳಿ, ಲವಣ ಬಹಳ ಕಡಿಮೆ. ನಮ್ಮ ಬೋರ್‌ವೆಲ್ ನೀರು ಇದಕ್ಕೆ ತದ್ವಿರುದ್ಧ. ನಮ್ಮ ಮನೇಲಿ ಟಿಡಿಎಸ್ ಮೀಟರ್ ಇಟ್ಟರೆ 900 ತೋರಿಸುತ್ತೆ!

ಸುಮ್ಮನೆ ಸಾಕೋದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಡಿಸ್ಕಸ್ ಒಂದಿಷ್ಟು ಗಡಸು ನೀರಿಗೂ ಹೊಂದಿಕೊಳ್ಳುತ್ತೆ. ಬೇಕಾದ್ದು ಮೂರೇ. 28ರಿಂದ 30 ಡಿಗ್ರಿ ಶಾಖ, ವಾರಕ್ಕೆ ಎರಡು ಮೂರು ಸಲ ನೀರು ಬದಲಾಯಿಸೋದು, ಮತ್ತೆ ಪಳಗಿದ ಫಿಲ್ಟರ್. ಮೀನಿನ ಗಲೀಜಿನಿಂದ ಬರೋ ಅಮೋನಿಯವನ್ನ ಬ್ಯಾಕ್ಟೀರಿಯ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಬ್ಯಾಕ್ಟೀರಿಯ ಫಿಲ್ಟರಿನಲ್ಲಿ ನೆಲೆಗೊಳ್ಳೋಕೆ ಸುಮಾರು ಒಂದು ತಿಂಗಳಾದರೂ ಬೇಕು. ಟ್ಯಾಂಕ್ ತಂದ ದಿನವೇ ಮೀನು ತರಬೇಡಿ.

ಮರಿ ಬೇಕು ಅಂದರೆ ಮಾತ್ರ ಆಟ ಬೇರೆ. ಡಿಸ್ಕಸ್‌ನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗಲ್ಲ. ಅದಕ್ಕೇ ನಾನು ಕೊಳತ್ತೂರಿನ ಮೀನು ಅಂಗಡಿ ಸಾಲಿನಿಂದ ಆರು ಮರಿ ತಂದೆ. ಬೆಳೆದು ತಾವೇ ಜೋಡಿ ಆಗಲಿ ಅಂತ. ಒಂದು ವರ್ಷದ ಮೇಲೆ ಎರಡು ಮೀನು ಮೂಲೆ ಹಿಡಿದು ಉಳಿದವನ್ನ ಓಡಿಸತೊಡಗಿದವು. ಅವನ್ನ ಬೇರೆ ಟ್ಯಾಂಕಿಗೆ ಹಾಕಿ, ಒಂದು ಹೂಕುಂಡ ಬೋರಲು ಹಾಕಿಟ್ಟೆ. ಅದರ ಮೇಲೇ ಮೊಟ್ಟೆ ಇಟ್ಟವು.

ಎರಡು ದಿನದಲ್ಲಿ ಮೊಟ್ಟೆ ಎಲ್ಲಾ ಬಿಳಿ. ಎರಡನೇ ಸಲವೂ ಹಾಗೇ. ಬಿಳಿ ಅಂದರೆ ಫಲ ಕಟ್ಟಿಲ್ಲ ಅಂತ. ಡೀಬಗ್ ಮಾಡೋ ಹಾಗೆ ಒಂದೊಂದೇ ಕಾರಣ ಹಿಡಿದು ಹೋದೆ. ಎರಡೂ ಹೆಣ್ಣಾ? ಹಾಗೂ ಆಗುತ್ತೆ, ಎರಡು ಹೆಣ್ಣು ಜೋಡಿ ಆಗಿ ಮೊಟ್ಟೆ ಇಡೋದು ಉಂಟು. ಮೊಟ್ಟೆ ಇಡೋ ಹೊತ್ತಲ್ಲಿ ಹೊಟ್ಟೆ ಕೆಳಗೆ ಕಾಣೋ ನಳಿಕೆ ಹೆಣ್ಣಿಗೆ ದಪ್ಪ, ಗಂಡಿಗೆ ಸಣ್ಣ, ಚೂಪು. ನೋಡಿದೆ, ಜೋಡಿ ಸರಿಯಾಗಿತ್ತು. ಉಳಿದಿದ್ದು ನೀರು. ಗಡಸು ನೀರಲ್ಲಿ ಮೊಟ್ಟೆ ಫಲ ಕಟ್ಟೋದು ಕಷ್ಟ. ಆರ್‌ಒ ನೀರು ಬೆರೆಸಿ ಟಿಡಿಎಸ್ ಅನ್ನ ದಿನಕ್ಕಿಷ್ಟು ಅಂತ 100ಕ್ಕೆ ಇಳಿಸಿದೆ.

"ಮೀನಿಗೆ ಆರ್‌ಒ ನೀರು, ನಮಗೆ ಟ್ಯಾಂಕರ್ ನೀರಾ?" ಅಂದಳು ನನ್ನ ಹೆಂಡತಿ. ತಪ್ಪೇನಿಲ್ಲ. 2019ರ ಬೇಸಿಗೆ ನೋಡಿದ ಯಾರಿಗೂ ಚೆನ್ನೈನಲ್ಲಿ ನೀರು ಚೆಲ್ಲೋಕೆ ಮನಸ್ಸು ಬರಲ್ಲ. ಅವತ್ತಿಂದ ಆರ್‌ಒ ಹೊರಹಾಕೋ ನೀರು ನೆಲ ಒರೆಸೋಕೆ, ಟಾಯ್ಲೆಟ್‌ಗೆ. ಟ್ಯಾಂಕಿಂದ ತೆಗೆದ ನೀರು ಬಾಲ್ಕನಿ ಗಿಡಕ್ಕೆ.

ಮೂರನೇ ಸಲ ಮೊಟ್ಟೆ ಒಡೆದವು. ಐದನೇ ದಿನಕ್ಕೆ ಮರಿಗಳು ಈಜಿದವು. ಅಪ್ಪ-ಅಮ್ಮ ತಿಂದುಬಿಟ್ಟರೆ ಅಂತ ಹೆದರಿ ನಾನು ದೊಡ್ಡವೆರಡನ್ನೂ ಎತ್ತಿ ಬೇರೆ ಹಾಕಿದೆ. ಮರಿಗಳಿಗೆ ಪುಡಿ ಆಹಾರ ಕೊಟ್ಟೆ. ಮುಟ್ಟಲಿಲ್ಲ. ಎಲ್ಲಾ ಗಾಜಿನ ಮೂಲೆಗಳಿಗೆ, ಫಿಲ್ಟರಿನ ಕಪ್ಪು ಸ್ಪಂಜಿಗೆ ಮುತ್ತಿಕೊಂಡಿದ್ದವು. ನಾಲ್ಕು ದಿನದಲ್ಲಿ ಒಂದೂ ಉಳಿಯಲಿಲ್ಲ.

ಅವು ಹುಡುಕ್ತಿದ್ದದ್ದು ಅಪ್ಪ-ಅಮ್ಮನ ಮೈ. ಡಿಸ್ಕಸ್ ಮರಿಗಳ ಮೊದಲ ಊಟ ದೊಡ್ಡ ಮೀನಿನ ಚರ್ಮದ ಮೇಲಿನ ಲೋಳೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊಟ್ಟೆ ಇಟ್ಟ ಹೊತ್ತಿಗೇ ಆ ಲೋಳೆಯಲ್ಲಿ ಪ್ರೋಟೀನ್ ಏರುತ್ತೆ, ಆಂಟಿಬಾಡಿಗಳೂ ಹೆಚ್ಚಿರುತ್ತವೆ. ಮೂರನೇ ವಾರದ ಸುಮಾರಿಗೆ ದೊಡ್ಡವು ಮರಿಗಳಿಂದ ಸ್ವಲ್ಪ ಸ್ವಲ್ಪ ದೂರ ಸರಿಯತೊಡಗುತ್ತವೆ. ನಮ್ಮಲ್ಲಿ ಮಗುವಿಗೆ ಎದೆಹಾಲು ಬಿಡಿಸ್ತಾರಲ್ಲ, ಹಾಗೇ. ಇಲ್ಲಿ ಅಪ್ಪನೂ ಉಣಿಸ್ತಾನೆ ಅನ್ನೋದೊಂದೇ ವ್ಯತ್ಯಾಸ.

ಮುಂದಿನ ಸಲ ನಾನು ಕೈ ಹಾಕಲಿಲ್ಲ. ದೀಪ ಮಂದ ಮಾಡಿದೆ, ಟ್ಯಾಂಕಿನ ಮೂರು ಕಡೆ ಪೇಪರ್ ಅಂಟಿಸಿದೆ, ಕರೆಂಟ್ ಹೋದರೆ ಅಂತ ಬ್ಯಾಟರಿ ಏರ್ ಪಂಪ್ ಇಟ್ಟೆ. ಮರಿಗಳು ಅಮ್ಮನ ಮೈಗೆ ಮುತ್ತಿಕೊಂಡವು. ಸುಸ್ತಾದಾಗ ಅವಳು ಮೈ ಕೊಡವಿ ಸರಕ್ಕನೆ ಸರಿದಳು. ಅಷ್ಟೂ ಮರಿ ಅಪ್ಪನ ಮೈಗೆ ಹೋದವು. ಹತ್ತು ನಿಮಿಷಕ್ಕೆ ಮತ್ತೆ ವಾಪಸ್. ಒಂದು ವಾರದ ಮೇಲೆ ಆಗಷ್ಟೇ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್ ಕೊಟ್ಟೆ; ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿವೆ ಅಂತ ಅರ್ಥ.

ಆ ಸಲ ನಲವತ್ತೆರಡು ಮರಿ ಉಳಿದವು. ಮೊದಲ ಸಲ ಮಾಡೋರಿಗೆ ನಾನು ಹೇಳೋದು ಇಷ್ಟೇ: ನೀರು ನಿಮ್ಮ ಕೆಲಸ, ಮರಿ ಅವುಗಳ ಕೆಲಸ. ಒಂದೆರಡು ಸಲ ಮೊಟ್ಟೆ ತಿಂದರೂ ಜೋಡಿ ಬಿಡಿಸಬೇಡಿ, ಅವೂ ಕಲೀತವೆ.